ಪರೀಕ್ಷೆಗೆ ಕೊಟ್ಟ ಹಾಲು

ಹಾಲಿನಲ್ಲಿ ಉಳಿದ ಆಂಟಿಬಯೋಟಿಕ್ ಔಷಧವನ್ನು ಹಿಡಿಯುವ ಅಗ್ಗದ ಕಾಗದದ ಪಟ್ಟಿ ಮಾಡುವುದೇ ಶಂಕರಘಟ್ಟದ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಹಾಲಿಗೆ ಅದ್ದಿದಾಗ ಎರಡು ಗೆರೆ ಮೂಡಿದರೆ ಹಾಲು ಶುದ್ಧ. ಒಂದೇ ಮೂಡಿದರೆ ಔಷಧವಿದೆ. ನಾವೇ ಔಷಧ ಬೆರೆಸಿದ ಹಾಲನ್ನು ಅದು ಚೆನ್ನಾಗಿ ಹಿಡಿಯುತ್ತಿತ್ತು. ನಿಜವಾಗಿ ಚಿಕಿತ್ಸೆ ಪಡೆದ ಹಸುವಿನ ಹಾಲನ್ನು ಹಿಡಿಯುತ್ತದೆಯೇ ಎಂಬ ಪ್ರಶ್ನೆ ಮಾತ್ರ ನನ್ನ ತಲೆ ತಿನ್ನುತ್ತಿತ್ತು. ಹಿಡಿಯದಿದ್ದರೆ ಇಷ್ಟು ವರ್ಷ ದುಡಿದದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಅಷ್ಟರಲ್ಲಿ ಭದ್ರಾವತಿಯ ಚಿಕ್ಕಮ್ಮನ ಹಸುವಿಗೆ ಕೆಚ್ಚಲು ಬಾವು ಬಂದು, ಡಾಕ್ಟರು ಇಂಜೆಕ್ಷನ್ ಕೊಟ್ಟಿದ್ದಾರೆಂದು ಅಮ್ಮ ಹೇಳಿದಳು. ಅಯ್ಯೋ ಪಾಪ ಎನ್ನುವ ಬದಲು ನಾನು ಹಿಗ್ಗಿದೆ. ಚಿಕ್ಕಮ್ಮನಿಗೆ ಫೋನ್ ಮಾಡಿ, ಮರುದಿನವೇ ಶಿವಮೊಗ್ಗದ ನಮ್ಮ ಮನೆಯಿಂದ ಹೊರಟು ಭದ್ರಾವತಿಯ ಬಸ್ಸು ಹತ್ತಿದೆ.

ಚಿಕ್ಕಮ್ಮ ಫಳಫಳ ತೊಳೆದ ಸ್ಟೀಲ್ ಲೋಟದಲ್ಲಿ ಹಾಲು ತಂದಿಟ್ಟಳು. ಪಟ್ಟಿ ಅದ್ದಿದೆ. ಎರಡು ಗೆರೆ ಎದ್ದು ಕಂಡವು. ಇನ್ನೊಂದು ಅದ್ದಿದೆ, ಮತ್ತೆ ಎರಡು. ಎರಡು ಗೆರೆ ಬಂದರೆ ಸಿಹಿ ಸುದ್ದಿಯಲ್ಲವೇ ಎಂದು ಚಿಕ್ಕಮ್ಮ ಚುಡಾಯಿಸಿದಳು. ನನಗೆ ಅಳುವೇ ಬಂದಿತ್ತು. ತಪ್ಪೆಲ್ಲಾಯಿತೆಂದು ತಿಳಿಯದೆ ಒಂದೊಂದೇ ಕೇಳತೊಡಗಿದೆ: ಇಂಜೆಕ್ಷನ್ ಯಾವಾಗ ಕೊಟ್ಟರು, ಈ ಹಾಲು ಕೆಚ್ಚಲಿನ ಯಾವ ಮೊಲೆಯದು. ಚಿಕ್ಕಮ್ಮ ಮುಖ ಆಚೆ ತಿರುಗಿಸಿದಳು.

“ನಮ್ಮ ಹಸೂದಲ್ಲ ಮಾರಾಯ್ತಿ, ಪಕ್ಕದ ಮನೇದು. ಮನೆಗೆ ಬಂದ ಮಗಳಿಗೆ ಯಾರಾದ್ರೂ ಬಾವು ಬಂದ ಹಸು ಹಾಲು ಕೊಡ್ತಾರಾ?”

ಕುಡಿಯುವುದಕ್ಕಲ್ಲ, ಪರೀಕ್ಷೆಗೆ ಎಂದು ಫೋನಿನಲ್ಲಿ ಸಾರಿ ಸಾರಿ ಹೇಳಿದ್ದೆ. ಸಿಟ್ಟು, ನಗು ಒಟ್ಟಿಗೇ ಬಂದವು. ಕೊನೆಗೂ ಅವಳು ತನ್ನ ಹಸುವಿನ ಹಾಲು ತಂದಳು. ಒಂದೇ ಗೆರೆ! ಖುಷಿಗೆ ಅವಳನ್ನು ತಬ್ಬಿಕೊಂಡೆ.

ಅವಳು ನಗಲಿಲ್ಲ. ಎಲ್ಲರೂ ಕಾಯಿಸಿಯೇ ಕುಡಿಯುತ್ತಾರಲ್ಲ, ಹಾಗಾಗಿ ಔಷಧವಿದ್ದರೂ ಪರವಾಗಿಲ್ಲ ಎಂದುಕೊಂಡಿದ್ದಳಂತೆ. ಒಲೆಯ ಮೇಲಿದ್ದ ಕಾಯಿಸಿದ ಹಾಲನ್ನೂ ತಂದು ಮುಂದಿಟ್ಟಳು. ಅದರಲ್ಲಿ ನನ್ನ ಪಟ್ಟಿ ಏನು ಹೇಳುತ್ತದೋ ನಾನೂ ನೋಡಿರಲಿಲ್ಲ. ಆರಿಸಿ ಅದ್ದಿದೆವು. ಅದರಲ್ಲೂ ಒಂದೇ ಗೆರೆ. ಚಿಕ್ಕಮ್ಮ ಆ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

ಆಗ ದಿನವೂ ಹಾಲು ಕೊಳ್ಳುವ ಎದುರುಮನೆಯಾಕೆ ಪಾತ್ರೆ ಹಿಡಿದು ಬಾಗಿಲಿಗೆ ಬಂದಳು. ಹಾಲು ಮುಗಿಯಿತು ಎಂದುಬಿಟ್ಟಿದ್ದರೆ ಚಿಕ್ಕಮ್ಮನ ಮರ್ಯಾದೆ ಉಳಿಯುತ್ತಿತ್ತು. ಅವಳು ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬಾಗಿಲಿಗೆ ಹೋದಳು.

“ಹಾಲಿದೆ ಕಣಮ್ಮ, ಕೊಡಲ್ಲ. ನಿನ್ನೆ ಕೊಟ್ಟಿದ್ದು ಉಳಿದಿದ್ರೆ ಅದನ್ನೂ ಮಕ್ಕಳಿಗೆ ಕುಡಿಸ್ಬೇಡ, ಚೆಲ್ಬಿಡು.”