ತಣ್ಣಗಿನ ಕುಲುಮೆಯ ಸದ್ದು

ಅವ್ವ ತೀರಿಕೊಂಡ ಸುದ್ದಿಯನ್ನು ನಾನು ನನ್ನ ತಂಗಿಗೆ ಒಂಬತ್ತು ದಿನ ಹೇಳಲಿಲ್ಲ. ಇದನ್ನು ಒಪ್ಪಿಕೊಂಡೇ ಮುಂದಿನದನ್ನು ಬರೆಯಬೇಕು. ಸತ್ತವರು ಬಂದರು, ಸದ್ದು ಮಾಡಿದರು ಎಂದು ಯಾರಾದರೂ ಹೇಳಿದರೆ ನಗುತ್ತಿದ್ದವನು ನಾನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ನನಗೆ ಗೊತ್ತಿರುವುದು ಕಬ್ಬಿಣ ಮತ್ತು ಬೆಂಕಿ. ಎರಡನ್ನೂ ಕಣ್ಣಾರೆ ನೋಡಿಯೇ ನಂಬಿದವನು.

ನಮ್ಮದು ನಾಗಮಂಗಲದ ಹತ್ತಿರ ಕಮ್ಮಾರರ ಮನೆ. ಅಪ್ಪ ಹೋದ ಮೇಲೆ ಕಾದ ಕಬ್ಬಿಣವನ್ನು ಅಡಿಗಲ್ಲಿನ ಮೇಲಿಟ್ಟು ಮಚ್ಚು, ಕುಡುಗೋಲು, ಗುದ್ದಲಿ ಬಡಿಯುವುದು ನನ್ನ ಕೆಲಸ; ಕುಲುಮೆಗೆ ಗಾಳಿ ಊದುವ ಚಕ್ರ ತಿರುಗಿಸುವುದು ಅವ್ವನದು. ಚರ್ಮದ ತಿದಿ ಹೋಗಿ ಚಕ್ರ ಬಂದು ಎಷ್ಟೋ ಕಾಲವಾದರೂ ಅದನ್ನು ತಿದಿ ಎಂದೇ ಕರೆಯುತ್ತೇವೆ. ಅವ್ವ ನಾಲ್ಕು ಸುತ್ತು ತಿರುಗಿಸಿ, ನಿಲ್ಲಿಸಿ, ಸೆರಗು ಸಿಗಿಸಿಕೊಂಡು ಮತ್ತೆ ತಿರುಗಿಸುತ್ತಿದ್ದಳು.

ತಂಗಿ ಸೌಮ್ಯ ಮೈಸೂರಿನಲ್ಲಿ ಲೋಹಗಳ ವಿಷಯವಾಗಿ ಎಂ.ಎಸ್ಸಿ. ಓದುತ್ತಿದ್ದಳು. ಒಂದು ಸೆಮಿಸ್ಟರು ಪೋಲೆಂಡಿನಲ್ಲಿ ಓದಲು ಅವಳನ್ನು ಆರಿಸಿದರು. ಅವ್ವ ರಾಗಿಹಿಟ್ಟು, ಹುರುಳಿಕಾಳು, ಮುದ್ದೆ ಕೋಲು ಕಟ್ಟಿಕೊಟ್ಟಳು. ನಮಗೆ ಮಧ್ಯಾಹ್ನವಾದರೆ ಅವಳಿಗೆ ಬೆಳಿಗ್ಗೆ. ದಿನವೂ ಆಗಲೇ ಫೋನು.

"ಇಲ್ಲಿ ಲ್ಯಾಬಿನ ಕುಲುಮೆಗೆ ಸದ್ದೇ ಇಲ್ಲ ಕಣಣ್ಣ. ಬಾಗ್ಲು ಮುಚ್ಚಿದ್ರೆ ಬೀರು ಇದ್ದಂಗೆ ಅದೆ. ಫೋನ್ನ ಅಡಿಗಲ್ಲ ತಾವ ಇಡು, ವಸಿ ಕೇಳ್ಕತೀನಿ" ಎನ್ನುತ್ತಿದ್ದಳು.

"ಈ ಕಬ್ಣ ಬ್ಯಾಡ ಅಂತ ಓದಕೆ ಕಳ್ಸುದ್ರೆ, ಅಷ್ಟು ದೂರ ಹೋಗಿ ಇದ್ನೇ ಕೇಳ್ತಾವ್ಳೆ ನೋಡ್ಲಾ" ಎಂದು ಅವ್ವ ನಗುತ್ತಿದ್ದಳು.

ಒಂದು ಬೆಳಿಗ್ಗೆ ಎದೆ ನೋವೆಂದು ಕುಳಿತ ಅವ್ವ, ಬೆಳ್ಳೂರು ಕ್ರಾಸಿನ ಆಸ್ಪತ್ರೆ ಸೇರುವ ಮೊದಲೇ ಆಟೋದಲ್ಲಿ ಹೋಗಿಬಿಟ್ಟಳು. ಸೌಮ್ಯಳ ಪರೀಕ್ಷೆ ಶುರುವಾಗಿತ್ತು. "ಅವಳು ಬರೋಗಂಟ ಮಣ್ಣು ಮಾಡ್ದೆ ಮಡೀಕಳಕಾಯ್ತದಾ? ಪರೀಕ್ಸೆ ಮುಗೀಲಿ ಬುಡು" ಎಂದರು ದೊಡ್ಡಪ್ಪ. ನಾನು ತಲೆಯಾಡಿಸಿದೆ. ವಿಡಿಯೋದಲ್ಲಾದರೂ ಮುಖ ತೋರಿಸಬಹುದಿತ್ತು. ತೋರಿಸಲಿಲ್ಲ.

ಸೂತಕ ಕಳೆಯುವವರೆಗೆ ನಮ್ಮಲ್ಲಿ ಕುಲುಮೆಗೆ ಬೆಂಕಿ ಹಾಕುವುದಿಲ್ಲ, ಸುತ್ತಿಗೆ ಎತ್ತುವುದಿಲ್ಲ. ಅಡಿಗಲ್ಲು ಸುಮ್ಮನಿದ್ದರೆ ಕಮ್ಮಾರರ ಮಗಳಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ನನ್ನ ತಲೆ ಬೋಳಿಸಿದ್ದರು, ಹಾಗಾಗಿ ನೆಟ್ಟು ಸರಿಯಿಲ್ಲವೆಂದು ಬರೀ ಮಾತಿನ ಫೋನು ಮಾಡಿಸಿದೆ. ಅವ್ವನನ್ನು ಕೇಳಿದಾಗಲೆಲ್ಲ ದಿನಕ್ಕೊಂದು ನೆವ ಹೇಳಿದೆ. ಆರನೆಯ ದಿನ ಮಧ್ಯಾಹ್ನ ಅವಳ ಫೋನು ಬಂದಾಗ ಕುಲುಮೆಯ ಮುಂದೆ ಒಬ್ಬನೇ ಕುಳಿತು, ಮಾತಿನ ನಡುನಡುವೆ ಬರಿಯ ಅಡಿಗಲ್ಲಿಗೆ ಸುತ್ತಿಗೆಯಲ್ಲಿ ಹೊಡೆದೆ. ಸಾವಿನ ಮನೆಯಲ್ಲಿ ನಮ್ಮವರು ಯಾರೂ ಮಾಡದ ಕೆಲಸ ಅದು.

ಪರೀಕ್ಷೆ ಚೆನ್ನಾಗಿ ಆಯಿತೆಂದಳು. ಆಮೇಲೆ, "ಅವ್ವಂಗೆ ನನ್ ಮ್ಯಾಲೆ ಏನಣ್ಣ ಕ್ವಾಪ? ಮಾತಾಡದು ಬುಟ್ಟು ಸುಮ್ನೆ ತಿದಿ ತಿರುಗಿಸ್ತಾವ್ಳೆ" ಎಂದಳು.

"ತಿದಿನಾ?"

"ಊಂ, ಕೇಳಿಸ್ತಾ ಅದೆ. ನಾಕು ಸುತ್ತು ತಿರುಗ್ಸದು, ನಿಲ್ಸದು. ಈಗ ಸೆರಗು ಸಿಗಿಸ್ಕತಾವ್ಳೆ. ಅಗಾ, ಮತ್ತೆ ಶುರು ಮಾಡುದ್ಲು." ಅವಳು ನಗುತ್ತಿದ್ದಳು.

ನನ್ನ ಕಿವಿಗೆ ಏನೂ ಕೇಳಿಸಲಿಲ್ಲ. ತಿದಿಯ ಮೇಲೆ ದೊಡ್ಡಪ್ಪ ಮೊದಲ ದಿನವೇ ಗೋಣಿಚೀಲ ಹೊದಿಸಿ ಹಗ್ಗ ಕಟ್ಟಿದ್ದರು. ಕಟ್ಟು ಹಾಗೆಯೇ ಇತ್ತು. ನೆಟ್ಟು ಹೋಗುತ್ತಿದೆ ಎಂದು ಫೋನು ಕಟ್ ಮಾಡಿದೆ. ಹಗ್ಗ ಬಿಚ್ಚಿ ಚಕ್ರದ ಹಿಡಿ ಮುಟ್ಟಿದೆ. ಈಗತಾನೆ ಯಾರೋ ಕೈ ತೆಗೆದ ಹಾಗೆ ಬೆಚ್ಚಗಿತ್ತು. ಬಿಸಿಲಿಗೆ ಕಾದಿರಬಹುದು ಎನ್ನೋಣವೆಂದರೆ ಅಂದು ಬೆಳಗಿನಿಂದ ಮೋಡ. ಪಕ್ಕದಲ್ಲಿದ್ದ ಇಕ್ಕಳ ಮುಟ್ಟಿದೆ. ತಣ್ಣಗಿತ್ತು.

ಅಷ್ಟಾದರೂ ನಾನು ಹೇಳಲಿಲ್ಲ. ಇನ್ನೂ ಮೂರು ದಿನ ಬಿಟ್ಟು, ಪರೀಕ್ಷೆ ಮುಗಿದ ಮೇಲೆ ಹೇಳಿದೆ. ಅವಳು ಊರು ಸೇರುವಷ್ಟರಲ್ಲಿ ತಿಥಿಯೂ ಮುಗಿದಿತ್ತು.

ನೂರು ಸಲ ಕೇಳಿದ ಸದ್ದು ಅವಳ ಕಿವಿಯಲ್ಲೇ ಉಳಿದಿತ್ತೇನೋ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಹಿಡಿ ಬೆಚ್ಚಗಿದ್ದದ್ದಕ್ಕೆ ಮಾತ್ರ ಆ ಸಮಾಧಾನ ಸಾಲದು. ಅದನ್ನು ಅವಳಿಗೆ ಹೇಳುವ ಹಾಗೂ ಇರಲಿಲ್ಲ. ಊರಿಗೆ ಬಂದರೆ ಊಟಕ್ಕೆ ಕರೆಯುವಷ್ಟೇ ಮಾತು ನಮ್ಮಿಬ್ಬರ ನಡುವೆ ಉಳಿದಿತ್ತು.

ಎರಡನೆಯ ವರ್ಷದ ತಿಥಿಗೆ ಬಂದವಳು ಮಾರನೆಯ ದಿನ ಕುಲುಮೆಗೆ ಬಂದಳು. ತಿದಿಯ ಮುಂದೆ ಕುಳಿತು, "ಬಡಿ, ನಾನು ತಿರುಗಿಸ್ತೀನಿ" ಎಂದಳು. ಕಬ್ಬಿಣ ಕೆಂಪಗಾಯಿತು. ನನಗೆ ಸುತ್ತಿಗೆ ಎತ್ತಲು ಆಗಲಿಲ್ಲ.

"ನಿನ್ ಪರೀಕ್ಸೆಗೋಸ್ಕರ ಅಂತ ಎಲ್ರಿಗೂ ಹೇಳ್ದೆ. ಸುಳ್ಳು ಕಣವ್ವ. ನಿನ್ ಅಳು ಕೇಳಕೆ ಎದ್ರುಕಂಡೆ. ಅವ್ವನ ಮೊಕ ಕಾಣ್ದಂಗೆ ಮಾಡ್ಬುಟ್ಟೆ" ಎಂದೆ. "ತಪ್ಪಾಯ್ತು ಸೌಮ್ಯ."