ಬಂಡೆಗೆ ಒಪ್ಪಿದ ಪಾಯಜಾಮ

ನಿವೃತ್ತಿಯಾದ ಮೇಲೆ ಕುಂತಲ್ಲಿ ಕೂರಲಾಗದ ರೋಗ ಹತ್ತಿದೆ ನನಗೆ. ಗಜೇಂದ್ರಗಡದ ಗುಡ್ಡದಲ್ಲಿ ಬಂಡೆ ಹತ್ತುವುದನ್ನು ಕಲಿಸುತ್ತಾರೆಂದು ಕೇಳಿದ್ದೇ ತಡ, ಹೆಸರು ಹಚ್ಚಿಬಿಟ್ಟೆ. ಪೇಟೆಗೆ ಓಡಿ ಹೊಸ ಜೀನ್ಸ್ ಪ್ಯಾಂಟನ್ನೂ ತಂದೆ. ಅದು ತೊಡೆಗೆ ಚುಚ್ಚುತ್ತದೆಂದು ಒಳಗೆ ರಾತ್ರಿ ಮಲಗುವ ಪಾಯಜಾಮ ಹಾಕಿಕೊಂಡೆ. ಯಾರಿಗೆ ಕಾಣಬೇಕು?

ಕಲಿಸುವ ಹುಡುಗಿ ನನ್ನನ್ನು ಮೇಲೆ ಕೆಳಗೆ ನೋಡಿದಳು. "ಕಾಕಾ, ಮೊಣಕಾಲು ಎದಿಮಟ ಎತ್ರಿ."

ಎತ್ತಿದೆ. ಸೊಂಟದವರೆಗೂ ಬರಲಿಲ್ಲ.

"ಇದ್ರಾಗ ಹತ್ತಾಕ ಬಿಡೂದಿಲ್ರಿ. ಕಾಲು ಆಡೂವಂಥಾ ಅರಿವಿ ಬೇಕು."

ಉಳಿದವರೆಲ್ಲ ಹಗ್ಗ ಕಟ್ಟಿಕೊಳ್ಳುತ್ತಿದ್ದರು. ನಾನೊಬ್ಬನೇ ಕೆಳಗೆ ನಿಲ್ಲುವುದೇ? ಅತ್ತ ಇತ್ತ ಸುಳಿದಾಡಿ, ಕೊನೆಗೆ ತಡೆಯಲಾಗದೆ ಹೇಳಿಬಿಟ್ಟೆ: "ಒಳಗ ಪಾಯಜಾಮ ಐತೆವ್ವಾ. ನಡೀತೈತೇನ?"

ಆಕೆ ತುಟಿ ಕಚ್ಚಿ ನಗು ತಡೆದಳು. "ಚಲೋ ನಡೀತೈತ್ರಿ. ಲಾಡಿ ಒಳಗ ಸಿಗಿಸ್ರಿ, ಹಗ್ಗಕ್ಕ ತೊಡರಬಾರ್ದು. ಕೆಳಗಿನ ತುದಿ ಕಾಲುಚೀಲದಾಗ ತುರುಕ್ರಿ."

ಪೊದೆಯ ಮರೆಯಲ್ಲಿ ಜೀನ್ಸ್ ಕಳಚಿ ಬಂದೆ. ಹತ್ತಿದೆ ನೋಡ್ರಿ! ಮೊಣಕಾಲು ಎದೆಗೆ ಬಂತು, ಬಂಡೆಯ ತುದಿ ಕೈಗೆ ಸಿಕ್ಕಿತು. ಮೇಲಿಂದ ಊರೆಲ್ಲ, ಮಗ್ಗದ ಓಣಿಯೆಲ್ಲ ನನಗೆ ಕಂಡಿತು. ಊರಿಗೂ ನನ್ನ ಪಟ್ಟೆಪಟ್ಟೆ ಪಾಯಜಾಮ ಕಂಡಿರಬೇಕು.

ಜೀನ್ಸನ್ನು ಹೆಗಲಿಗೆ ಹಾಕಿಕೊಂಡು ಗುಡ್ಡ ಇಳಿದೆ. ಬುಡದಲ್ಲಿ ಚಹಾದಂಗಡಿ ಇಟ್ಟಿರುವ ಸಾಹೇಬರು ಗಾಬರಿಯಿಂದ ಎದ್ದು ಬಂದರು.

"ಯಾರ ಪ್ಯಾಂಟ್ರೀ ಅದು? ಯಾರರೆ ಬಿದ್ದರೇನ?"

"ಇಲ್ರೀ ಸಾಹೇಬ್ರ," ಅಂದೆ, "ಈ ಪ್ಯಾಂಟಿನಾಂವ ಹತ್ತಾಕ ಆಗದ ಕೆಳಗ ಉಳದ."