ವೀಸಾ ಎಲ್ಲಿಯದೋ ವೋಟು ಅಲ್ಲಿ

“ದೇವರಾಣೆ, ನಾನು ಕೈ ಎತ್ತಲಿಲ್ಲ” ಎಂದೆ.

ಲ್ಯಾನ್ಸಿ ಮೊಬೈಲ್‌ನಲ್ಲಿ ಸಭೆಯ ವಿಡಿಯೊ ತೋರಿಸಿದ. ಮೂರನೆಯ ಸಾಲಿನಲ್ಲಿ ನಾನು. ಎತ್ತಿದ್ದು ಒಂದಲ್ಲ, ಎರಡೂ ಕೈ!

(ನಾನು ರಾಜ್ಯಶಾಸ್ತ್ರದ ಎಂ.ಎ. ಎದ್ದು ನಿಂತು ವಿರೋಧಿಸಿದ್ದು ಚೆನ್ನಾಗಿ ನೆನಪಿದೆ. ಅದು ಬೇರೆ ಯಾವ ಸಭೆಯೋ?)

ನಡೆದದ್ದು ಇಷ್ಟು. ನಮ್ಮ ಕನ್ನಡ ಬಳಗದ ಸಮಿತಿಗೆ ಚುನಾವಣೆ. ಸದಸ್ಯರು ಹೆಚ್ಚಾಗಿದ್ದಾರೆ, ಕ್ಷೇತ್ರ ಮಾಡೋಣ ಎಂದುಕೊಂಡೆವು. ಗಡಿ ಗುರುತಿಸಲು ಮೂವರ ಉಪಸಮಿತಿ. ಅದರ ವರದಿಯನ್ನು ಸಭೆ ಒಪ್ಪಬಹುದು ಇಲ್ಲವೇ ತಳ್ಳಿಹಾಕಬಹುದು, ಒಂದಕ್ಷರವನ್ನೂ ತಿದ್ದುವಂತಿಲ್ಲ. ಈ ನಿಯಮ ಮಾಡಿದವರೂ ನಾವೇ. ವರದಿ ಎಂಟು ಪುಟ. ಪಕ್ಕದ ಹಾಲ್‌ನಲ್ಲಿ ಬಿರಿಯಾನಿಯ ಮುಚ್ಚಳ ತೆಗೆದಿದ್ದರು. ಯಾರು ಓದುತ್ತಾರೆ? ಸಭೆ ಕೈ ಎತ್ತಿ ಒಪ್ಪಿಬಿಟ್ಟಿತು.

ಆರನೆಯ ಪುಟದಲ್ಲಿತ್ತು: ವಾಸ ಎಲ್ಲೇ ಇರಲಿ, ವೀಸಾ ದುಬೈ, ಅಬುಧಾಬಿ ಹೀಗೆ ಯಾವ ಎಮಿರೇಟಿನದೋ, ಸದಸ್ಯರು ಆ ಕ್ಷೇತ್ರದವರು.

ಲ್ಯಾನ್ಸಿ ಹೋಟೆಲ್ ನೌಕರ. ಹದಿನೆಂಟು ವರ್ಷದಿಂದ ಬರ್ ದುಬೈಯಲ್ಲೇ ವಾಸ. ಅಲ್ಲಿ ಯಾರಿಗೆ ಜ್ವರ, ಯಾರ ಕೆಲಸ ಹೋಯಿತು, ಯಾರಿಗೆ ಬಾಡಿಗೆಗೆ ಒಂದು ಮಂಚದ ಬೆಡ್‌ಸ್ಪೇಸ್ ಬೇಕು, ಎಲ್ಲ ಅವನಿಗೆ ಗೊತ್ತು. ಈ ಸಲ ನಿಂತರೆ ಗೆಲ್ಲುವುದು ಗ್ಯಾರಂಟಿ ಇತ್ತು. ಆದರೆ ಅವನ ಕಂಪನಿಯ ಹೆಡ್ಡಾಫೀಸು ಅಬುಧಾಬಿಯಲ್ಲಿ, ವೀಸಾವೂ ಅಲ್ಲಿಯದೇ. ಇನ್ನು ಅವನು ಅಬುಧಾಬಿಯಿಂದಲೇ ನಿಲ್ಲಬೇಕು! ಅಲ್ಲಿ ಅವನಿಗೆ ಪರಿಚಯವಿರುವುದು ಅಲ್ ರೀಮ್ ಐಲ್ಯಾಂಡಿನಲ್ಲಿರುವ ನಾನೊಬ್ಬನೇ.

ದುಬೈಯ ನೈಫ್‌ನಲ್ಲಿ ಅಂಗಡಿ ಇಟ್ಟಿರುವ ನಮ್ಮ ಅಧ್ಯಕ್ಷ ಹಮೀದಾಕನಿಗೆ ಫೋನ್ ಮಾಡಿದೆ. ಒಂದೇ ಒಂದು ಸಾಲು ತಿದ್ದಿ ಎಂದು ಬೇಡಿಕೊಂಡೆ.

“ತಿದ್ಲಿಕ್ಕೆ ನನಗೆಲ್ಲಿ ಪವರ್ ಉಂಟು ಮಾರಾಯ್ರೆ? ನೀವೇ ಎರಡು ಕೈ ಎತ್ತಿ ಪಾಸ್ ಮಾಡಿದ್ದಲ್ವಾ? ಖಲಾಸ್!”

ನಗಬೇಡಿ. ನಮ್ಮ ದೇಶದಲ್ಲೂ ಕ್ಷೇತ್ರಗಳ ಗಡಿ ಬರೆಯುವುದು ಆಯೋಗ. ಅದರ ಆದೇಶ ಸಂಸತ್ತಿನ ಮುಂದೆ ಬರುತ್ತದೆ, ಆದರೆ ತಿದ್ದುವ ಅಧಿಕಾರ ಸಂಸತ್ತಿಗಿಲ್ಲ. ಹಾಗೆಂದು ಕಾನೂನು ಮಾಡಿದ್ದು ಯಾರು? ಸಂಸತ್ತೇ! (ಕಾರಣ ಒಳ್ಳೆಯದೇ. ತಮ್ಮ ಕ್ಷೇತ್ರವನ್ನು ತಾವೇ ಕತ್ತರಿಸಿಕೊಳ್ಳಬಾರದಲ್ಲ.) ಕೆಲವು ದೇಶಗಳಲ್ಲಿ ಸದನ ಒಪ್ಪಿದರೆ ಮಾತ್ರ ಗಡಿ ಜಾರಿಗೆ ಬರುತ್ತದಂತೆ. ಅಲ್ಲಿ ಕೈ ಎತ್ತುವವರು ಆರನೆಯ ಪುಟ ಮುಟ್ಟಿರುತ್ತಾರೆಯೇ? ನನಗಂತೂ ಅನುಮಾನ.

ಲ್ಯಾನ್ಸಿ ಸಿಟ್ಟು ಮಾಡಲಿಲ್ಲ. ಅದೇ ಕಷ್ಟ.

“ಆಯ್ತು ಬಿಡಿ ಸರ್. ಭಾನುವಾರ ರೀಮ್‌ಗೆ ಬರ್ತೇನೆ, ಒಟ್ಟಿಗೆ ಮನೆ ಮನೆ ಹೋಗುವ. ಹೇಗೂ ನನ್ನದರ ಜೊತೆ ನಿಮ್ಮದೊಂದು ವೋಟು ಉಂಟಲ್ಲ, ಒಂದಕ್ಕೇ ಅಂತೂ ನಿಲ್ಲಲಿಕ್ಕಿಲ್ಲ!”

ನನ್ನ ವೀಸಾ ದುಬೈಯದು ಎಂದು ಅವನಿಗೆ ನಿಮ್ಮಲ್ಲಿ ಯಾರು ಹೇಳುತ್ತೀರಿ?